ದೀಪಾವಳಿ ಸೂಟಿಯೂ ತುಂಬಿದ ಕೆರೆಗಳೂ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಶಾಲೆಗಳ ಮಕ್ಕಳಿಗೆ ವರ್ಷಕ್ಕೆ ಎರಡು ದೊಡ್ಡ ಸೂಟಿಗಳು. ಒಂದು ಮೇ ತಿಂಗಳ ಮೊದಲಿನಿಂದ ಜೂನ್ ನಡುವಿನ ತನಕ ನಡೆಯುವ ಬೇಸಗೆಯದು, ಇನ್ನೊಂದು ದೀಪಾವಳಿಯದು. ಭೀಮೆಯ ಆಚೆ ದಡದ ಇಂಡಿ, ಸಿಂದಗಿ, ಚಡಚಣದ ಮಕ್ಕಳಿಗೂ ಸೂಟಿಗಳು ಎರಡೇ. ಆದರೆ ಅವರ ಬೇಸಗೆ ಏಪ್ರಿಲಿನಲ್ಲಿಯೇ ತೊಡಗಿ ಮೇ ಕೊನೆಗೆ ಮುಗಿಯುತ್ತದೆ. ನಡುವರ್ಷದ ಸೂಟಿ ದಸರೆಗೆ ಬರುತ್ತದೆ. ಹೀಗಾಗಿ ದೀಪಾವಳಿಗೆ ತಾಯಿಯ ತವರಿಗೆ ಹೋದ ಸೊಲ್ಲಾಪುರದ ಹುಡುಗ ಹಬ್ಬದ ಮೂರು ದಿನ ಸೋದರಮಾವನ ಮಕ್ಕಳೊಡನೆ ಪಟಾಕಿ ಹಚ್ಚುತ್ತಾನೆ. ಬಲಿಪಾಡ್ಯ ಕಳೆದು ಒಂದೆರಡು ದಿನಕ್ಕೆ ಅವರೆಲ್ಲ ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುತ್ತಾರೆ; ಈತನೊಬ್ಬನೇ ಕಟ್ಟೆಯ ಮೇಲೆ ಉಳಿಯುತ್ತಾನೆ. ಒಂದೇ ಭಾಷೆಯ, ಒಂದೇ ಮನೆತನದ ಮಕ್ಕಳು ಎರಡು ಪಂಚಾಂಗಗಳಲ್ಲಿ ಬೆಳೆಯುತ್ತಿರುವುದು ಆಗ ತಿಳಿಯುತ್ತದೆ.

ಎರಡೂ ಕಡೆಯ ಸೂಟಿ ಕೂಡಿ ಬರುವುದು ಮೇ ತಿಂಗಳೊಂದರಲ್ಲಿ. ಅದು ನಂಟರ ಮನೆಗೆ, ಮದುವೆ ಮುಂಜಿಗೆ ಸಲ್ಲುವ ತಿಂಗಳು. ಊರು ನೋಡುವ ತಿಂಗಳಲ್ಲ. ಪಾರೆಯೂ ಕೋಟೆಗೋಡೆಯೂ ಕಾದ ಹಂಚಿನಂತಾಗುವ ಆ ದಿನಗಳಲ್ಲಿ ಮಗುವನ್ನು ಬಾದಾಮಿಯ ಮೆಟ್ಟಿಲು ಹತ್ತಿಸುವುದು ಶಿಕ್ಷೆ ಕೊಟ್ಟಂತೆ. ಆದಕಾರಣ ನಮ್ಮ ಕಡೆಯ ಕುಟುಂಬಕ್ಕೆ ನಿಜವಾದ ಪ್ರವಾಸದ ಸೂಟಿ ದೀಪಾವಳಿಯೇ. ಪ್ರತಿ ವರ್ಷ ಭಾದ್ರಪದ ಮುಗಿಯುವ ಹೊತ್ತಿಗೆ, ಎಲ್ಲಿಗೆ ಹೋಗುವುದು ಎಂಬ ಮಾತು ಮನೆಮನೆಯಲ್ಲಿ ಏಳುತ್ತದೆ. ಉತ್ತರವೂ ಹೆಚ್ಚುಕಡಿಮೆ ನಿಶ್ಚಿತ: ಗೋವೆ, ಮಹಾಬಳೇಶ್ವರ, ಕೊಂಕಣದ ಕಡಲತೀರ. ಪಕ್ಕದ ಮನೆಯವರು ಹೋದರು, ಆದ್ದರಿಂದ ನಾವೂ ಹೋಗಬೇಕು ಎಂಬ ಈ ಉತ್ತರದಲ್ಲಿ ತಿಂಗಳಿನ ವಿಚಾರವಿಲ್ಲ, ಕಿಸೆಯ ವಿಚಾರವೂ ಇಲ್ಲ. ಪುಣೆ, ಮುಂಬಯಿಯ ಕಚೇರಿಗಳಿಗೆಲ್ಲ ಒಟ್ಟಿಗೆ ರಜೆಯಾಗುವ ವಾರವದು. ಆ ವಾರ ಕಡಲತೀರದ ಕೋಣೆಯ ಬಾಡಿಗೆ ಏರುವುದು ಸಹಜ. ಮಕ್ಕಳಿಗೆ ಕಾಣುವುದು ಸಮುದ್ರಕ್ಕಿಂತ ಹೆಚ್ಚಾಗಿ ಜನರ ಬೆನ್ನು.

ತಿಂಗಳನ್ನು ನೋಡಿ ಊರನ್ನು ಆರಿಸಬೇಕೆನ್ನುವವರು ಮೊದಲು ಮಳೆಯ ನಡೆಯನ್ನು ಗಮನಿಸಬೇಕು. ಸಹ್ಯಾದ್ರಿಯ ಪಡುವಣ ಮಗ್ಗುಲಿಗೆ ಜೂನ್, ಜುಲೈಗಳೇ ಮಳೆಗಾಲ. ಘಟ್ಟ ದಾಟಿ ಇತ್ತ ಬಂದರೆ ಆ ಮೋಡಗಳು ಬರಿದಾಗಿರುತ್ತವೆ. ಸೊಲ್ಲಾಪುರ, ವಿಜಯಪುರ ಭಾಗಕ್ಕೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಕೊಂಕಣದವರು ಕೊಡೆ ಮಡಿಸುವ ಹೊತ್ತಿಗೆ ನಮ್ಮ ಹಳ್ಳಗಳು ಹರಿಯತೊಡಗುತ್ತವೆ. ಹಿಂಗಾರಿ ಜೋಳದ ಬಿತ್ತನೆ ನಡೆಯುವುದೂ ಈ ಮಳೆಯ ಹಸಿಯನ್ನು ನಂಬಿಯೇ. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದವರು ನೋಡಿಯೇ ಇರುತ್ತಾರೆ: ವರ್ಷವೆಲ್ಲ ಬೂದುಬಣ್ಣದ ಈ ಎರೆಸೀಮೆ ಹಸಿರಾಗಿ ಕಾಣುವುದು ಆ ಕೆಲವು ವಾರ ಮಾತ್ರ. ಕೆರೆಗಳು ತುಂಬಿರುವುದೂ ಆಗಲೇ. ಇದನ್ನೊಂದು ತಿಳಿದುಕೊಂಡರೆ ದೀಪಾವಳಿ ಸೂಟಿಯ ದಾರಿ ತಾನಾಗಿ ತೆರೆಯುತ್ತದೆ. ದೂರದ ನೀರನ್ನು ಹುಡುಕಿ ಹೋಗುವ ಬದಲು, ಈ ಒಂದು ತಿಂಗಳು ಮಾತ್ರ ನೀರು ಕಾಣುವ ಹತ್ತಿರದ ಊರುಗಳಿಗೆ ಹೋಗಬಹುದು.

ಆದರೂ ದೀಪಾವಳಿ ಪ್ರತಿ ವರ್ಷ ಒಂದೇ ತಾರೀಖಿಗೆ ನಿಲ್ಲುವ ಹಬ್ಬವಲ್ಲ. 2025ರಲ್ಲಿ ಅದು ಅಕ್ಟೋಬರ್ ಮೂರನೆಯ ವಾರಕ್ಕೆ ಬಂದಿತ್ತು; ಅಧಿಕ ಮಾಸವಿರುವ 2026ರಲ್ಲಿ ಲಕ್ಷ್ಮೀಪೂಜೆ ನವೆಂಬರ್ 8ಕ್ಕೆ. ಈ ಎರಡು ಮೂರು ವಾರಗಳ ಅಂತರ ಸಣ್ಣದಲ್ಲ. ಬೇಗ ಬಂದ ದೀಪಾವಳಿಗೆ ಹಳ್ಳಗಳಲ್ಲಿ ನೀರಿರುತ್ತದೆ, ಜೊತೆಗೆ ಅಕ್ಟೋಬರಿನ ಸೆಕೆಯೂ ಇರುತ್ತದೆ, ಸಂಜೆಯ ಗುಡುಗುಮಳೆಯ ಅಂಜಿಕೆಯೂ ಉಂಟು. ತಡವಾಗಿ ಬಂದ ದೀಪಾವಳಿಗೆ ಬೆಳಗಿನ ಚಳಿ ಹಿತವಾಗಿರುತ್ತದೆ, ಕಲ್ಲು ತಣ್ಣಗಿರುತ್ತದೆ, ಆದರೆ ಜಲಪಾತಗಳು ಸೊರಗಿರುತ್ತವೆ. ಒಂದೇ ಮಾತಿನಲ್ಲಿ ಹೇಳುವುದಾದರೆ ಅಕ್ಟೋಬರಿನ ದೀಪಾವಳಿ ನೀರಿನದು, ನವೆಂಬರಿನದು ಕಲ್ಲಿನದು.

ನೀರಿನ ದೀಪಾವಳಿಗೆ ಅತಿ ಸಮೀಪದ ಊರು ನಳದುರ್ಗ. ಸೊಲ್ಲಾಪುರದಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಇಲ್ಲಿಯ ಕೋಟೆಯೊಳಗೆ ಬೋರಿ ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಯೊಂದಿದೆ. ಎರಡನೆಯ ಇಬ್ರಾಹೀಮ ಆದಿಲಶಾಹನ ಕಾಲದ್ದು. ಆ ಕಟ್ಟೆ ಕೇವಲ ಕಟ್ಟೆಯಲ್ಲ, ಅದರ ಹೊಟ್ಟೆಯೊಳಗೆ ಪಾಣಿಮಹಲು ಎಂಬ ಮಹಡಿಮನೆಯೇ ಇದೆ. ನದಿ ತುಂಬಿದಾಗ ನೀರು ಕಟ್ಟೆಯ ಎರಡು ಕಡೆಗಳಿಂದ ಧುಮುಕುತ್ತದೆ. ಜನ ಆ ಎರಡು ಧಾರೆಗಳನ್ನು ಗಂಡು, ಹೆಣ್ಣು ಎಂದು ಕರೆಯುತ್ತಾರೆ. ಮಹಲಿನೊಳಗೆ ನಿಂತವರ ಮುಂದೆ ನೀರಿನ ಪರದೆ ಇಳಿಯುತ್ತದೆ, ಮೈ ಮಾತ್ರ ಒದ್ದೆಯಾಗುವುದಿಲ್ಲ. ಬೋರಿ ತುಂಬಿ ಹರಿಯುವಾಗ ಮಾತ್ರ ಈ ನೋಟ. ಮಳೆ ಕೈಕೊಟ್ಟ ವರ್ಷ ಅಲ್ಲಿ ಕಾಣುವುದು ಪಾಚಿ ಒಣಗಿದ ಗೋಡೆ. ಹೊರಡುವ ಮುನ್ನ ಆ ಕಡೆಯಿಂದ ಬಂದ ಯಾರನ್ನಾದರೂ ನೀರಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಕ್ಕಲಕೋಟೆಯ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿಕೊಡಬೇಕು: ಅವರ ತಾಲೂಕಿನ ಕುರನೂರು ಜಲಾಶಯದಲ್ಲಿ ನಿಲ್ಲುವುದು ಇದೇ ಬೋರಿಯ ನೀರು. ನಳದುರ್ಗದ ಗೋಡೆಯಿಂದ ಜಿಗಿದ ನದಿಯೇ ಮುಂದೆ ಅವರೂರಿನ ಕಡೆಗೆ ಹರಿದು ಬಂದು ಕೊನೆಗೆ ಭೀಮೆಯನ್ನು ಸೇರುತ್ತದೆ. ಭೂಗೋಲದ ಪುಸ್ತಕದ ಉಪನದಿ ಎಂಬ ಶಬ್ದ ಅಂದು ಅವರಿಗೆ ಅರ್ಥವಾದೀತು.

ಇನ್ನು ನಾನ್ನಜದ ಹುಲ್ಲುಗಾವಲು, ಉಜನಿಯ ಹಿನ್ನೀರು ಎಂದು ಕೆಲವರು ಹೇಳುವುದುಂಟು. ನಾನ್ನಜದಲ್ಲಿ ಚಿಗರಿಗಳು ಕಂಡಾವು. ಆ ಅಭಯಾರಣ್ಯ ಯಾವ ಹಕ್ಕಿಗಾಗಿ ಹುಟ್ಟಿತೋ ಆ ಮಾಳಢೋಕ ಕಾಣುವುದು ಈಗ ಬಲು ಅಪರೂಪ. ಉಜನಿಗೆ ರಾಜಹಂಸಗಳು ಹಿಂಡುಹಿಂಡಾಗಿ ಬರುವುದು ನೀರು ಇಳಿದು ಕೆಸರಿನ ದಡ ತೆರೆದುಕೊಂಡ ಮೇಲೆ, ಅಂದರೆ ಜನವರಿಯ ಹೊತ್ತಿಗೆ. ದೀಪಾವಳಿಗೆ ಅಲ್ಲಿ ಹೋದವರು ಬರಿಯ ನೀರನ್ನು ನೋಡಿ ಮರಳುತ್ತಾರೆ. ಗೋಕಾಕದ ಜಲಪಾತ ಶ್ರಾವಣದ್ದು, ಕಾರ್ತಿಕದ್ದಲ್ಲ. ಪಂಢರಪುರದ ಮಾತು ಬೇರೆ. ಬಲಿಪಾಡ್ಯದಿಂದ ಹನ್ನೊಂದನೆಯ ದಿನಕ್ಕೆ ಕಾರ್ತಿಕ ಏಕಾದಶಿ. ಅಷ್ಟರಲ್ಲಿ ಚಂದ್ರಭಾಗೆಯ ದಡ ವಾರಕರಿಗಳಿಂದ ತುಂಬಿರುತ್ತದೆ. ಭಕ್ತಿಯಿಂದ ಹೋಗುವವರನ್ನು ತಡೆಯುವವರು ಯಾರು? ಆದರೆ ಸಣ್ಣ ಮಕ್ಕಳಿಗೆ ಗುಡಿ ತೋರಿಸಲೆಂದು ಹೋಗುವವರು ಆ ವಾರವನ್ನು ಬಿಟ್ಟು ಹೋಗುವುದೇ ಲೇಸು.

ಹತ್ತಿರದ್ದೆಂದು ನಮ್ಮ ಕಡೆಯವರೇ ಮರೆತಿರುವ ಊರೊಂದಿದೆ, ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲ. ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರು. ಅಹಮದನಗರದ ಕಡೆಯಿಂದ ಇಳಿದು ಬಂದ ಸೀನಾ ಇಲ್ಲಿ ಭೀಮೆಯನ್ನು ಕೂಡುತ್ತದೆ; ಕೂಡುವ ತಾಣವಾದ್ದರಿಂದ ಕೂಡಲ. ಎದುರಿನ ದಡ ವಿಜಯಪುರ ಜಿಲ್ಲೆ. ನದಿಯ ಈ ಬದಿಗೆ ನಿಂತು ಕೂಗಿದರೆ ಆ ಬದಿಯ ರೈತ ಕನ್ನಡದಲ್ಲಿಯೇ ಓಗೊಡುತ್ತಾನೆ. ಸಂಗಮದ ದಂಡೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಎರಡು ಗುಡಿಗಳು, ಸಂಗಮೇಶ್ವರ ಮತ್ತು ಹರಿಹರೇಶ್ವರ. ಮಣ್ಣಿನಲ್ಲಿ ಹುಗಿದುಹೋಗಿದ್ದ ಹರಿಹರೇಶ್ವರದ ಭಾಗವನ್ನು ಅಗೆದಾಗ ದೊರೆತ ಒಂದು ಲಿಂಗಕ್ಕೆ 359 ಮುಖಗಳು, ಸಾಲುಸಾಲಾಗಿ ಕಡೆದ ಸಣ್ಣ ಸಣ್ಣ ಮುಖಗಳು. ಲಿಂಗವನ್ನೂ ಸೇರಿಸಿ ಎಣಿಸಿದರೆ 360 ಎಂದು ಹೇಳುವುದು ವಾಡಿಕೆ. ಮಕ್ಕಳು ಎಣಿಸದೆ ಬಿಡುವುದಿಲ್ಲ, ಎಣಿಕೆ ಯಾರದೂ ಸರಿಹೋಗುವುದಿಲ್ಲ.

ಆದರೆ ಈ ಊರಿನ ನಿಜವಾದ ನಿಧಿ ಸಂಗಮೇಶ್ವರ ಗುಡಿಯ ಒಳಗಿನ ಕಲ್ಲಿನ ತೊಲೆಯ ಮೇಲಿದೆ. ಶಕವರ್ಷ 940, ಎಂದರೆ ಕ್ರಿಸ್ತಶಕ 1018ರ ಶಾಸನವದು. ಅದರಲ್ಲಿ ಮರಾಠಿಯ ಒಂದು ಸಾಲಿದೆ. ಕಾಲ ನಮೂದಾಗಿರುವ ಮರಾಠಿ ಶಾಸನಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಸೊಲ್ಲಾಪುರ ಜಿಲ್ಲೆಯ ಹಳ್ಳಿಹಳ್ಳಿ ಅಲೆದು ಕನ್ನಡ, ಸಂಸ್ಕೃತ, ಮರಾಠಿ ಶಾಸನಗಳನ್ನು ಹುಡುಕಿದ ಆನಂದ ಕುಂಭಾರರು ಇದನ್ನು ಬೆಳಕಿಗೆ ತಂದವರು. ಆ ಸಾಲಿನ ತಾತ್ಪರ್ಯ, ಇದನ್ನು ಓದುವವನು ಗೆಲುವನ್ನು ಪಡೆಯುತ್ತಾನೆ ಎಂದು. ಸಾವಿರ ವರ್ಷದ ಹಿಂದೆ ಕಲ್ಲುಕುಟಿಗನೊಬ್ಬ ಓದುವವನನ್ನು ನೆನೆದು ಉಳಿ ಹಿಡಿದಿದ್ದನೆಂಬುದು ಶಾಲೆಯ ಮಕ್ಕಳಿಗೆ ಹೇಳಲು ಎಷ್ಟು ಒಳ್ಳೆಯ ಸುದ್ದಿ! ಮರಾಠಿಯ ಅಷ್ಟು ಹಳೆಯ ಅಕ್ಷರಗಳು ಕನ್ನಡದ ಹೆಸರು ಹೊತ್ತ ಊರಿನಲ್ಲಿ ಸಿಕ್ಕಿವೆ. ಅತ್ತ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯಲ್ಲಿ ಕನ್ನಡ, ತಮಿಳಿನ ಜೊತೆಗೆ ಮರಾಠಿಯ ಹಳೆಯ ಸಾಲುಗಳಿವೆ. ಜಗಳವಾಡುವ ದೊಡ್ಡವರಿಗೆ ಇದರಿಂದ ಪ್ರಯೋಜನವಾಗದೆ ಇರಬಹುದು. ಆದರೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂದು ದಿನಕ್ಕೆ ಹತ್ತು ಸಲ ನಾಲಿಗೆ ಹೊರಳಿಸುವ ಮಕ್ಕಳು ಆ ತೊಲೆಯ ಕೆಳಗೆ ನಿಂತರೆ ತಮ್ಮ ಬಾಳು ವಿಚಿತ್ರವೆಂದು ಅವರಿಗೆ ಅನಿಸಲಿಕ್ಕಿಲ್ಲ.

ಕೂಡಲಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ ಅಗತ್ಯ. 2025ರ ಸೆಪ್ಟೆಂಬರಿನಲ್ಲಿ ಸೀನಾ ಉಕ್ಕಿ ಬಂದು ಜಿಲ್ಲೆಯ ಅನೇಕ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. ಮಳೆ ನಿಂತರೂ ಉಜನಿಯಿಂದ ನೀರು ಬಿಟ್ಟ ದಿನ ಭೀಮೆ ಏರುತ್ತದೆ. ಸಂಗಮ ಶಾಂತವಾಗಿ ಕಂಡರೂ ಅಲ್ಲಿ ಮಕ್ಕಳನ್ನು ನೀರಿಗಿಳಿಸಬಾರದು. ದಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಲು ಅಡ್ಡಿಯಿಲ್ಲ. ಕಡಕ್ ರೊಟ್ಟಿ, ಶೇಂಗಾದ ಚಟ್ನಿ, ದೀಪಾವಳಿಯ ಫರಾಳದಲ್ಲಿ ಉಳಿದ ಚಕ್ಕುಲಿ ಇದ್ದರೆ ಸಾಕು. ಅಲ್ಲಿ ಹೋಟೆಲನ್ನು ನಂಬಿ ಹೋಗಬಾರದು.

ಎರಡು ಮೂರು ದಿನದ ಬಿಡುವೂ ತುಸು ಹಣವೂ ಇರುವ ಕುಟುಂಬಕ್ಕೆ, ಮುಖ್ಯವಾಗಿ ದೀಪಾವಳಿ ನವೆಂಬರಿಗೆ ಬಂದ ವರ್ಷ, ದಾರಿ ದಕ್ಷಿಣಕ್ಕೆ. ಸೊಲ್ಲಾಪುರದಿಂದ ಹೊಟಗಿ, ಇಂಡಿ ರೋಡ್, ವಿಜಯಪುರ, ಆಲಮಟ್ಟಿ, ಬಾಗಲಕೋಟೆಯ ಮೇಲೆ ಹಾಯ್ದು ಗದಗಿಗೆ ಹೋಗುವ ರೈಲುಮಾರ್ಗ ಒಂದು ಕಾಲಕ್ಕೆ ಮೀಟರ್ ಗೇಜಿನದಾಗಿತ್ತು. ಅಜ್ಜಂದಿರಿಗೆ ಆ ನಿಧಾನದ ಸಣ್ಣ ರೈಲು ಇನ್ನೂ ನೆನಪಿದೆ. ಈಗ ದೊಡ್ಡ ಹಳಿ. ಬಾದಾಮಿ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರ. ಬಸ್ಸಿಗಿಂತ ರೈಲು ಅಗ್ಗ, ಮಕ್ಕಳಿಗೂ ಸುಖ. ಅದಕ್ಕಿಂತ ಹೆಚ್ಚಾಗಿ, ಈ ರೈಲಿನ ಕಿಟಕಿಯೇ ಒಂದು ಪಾಠ.

ಹೊಟಗಿ ದಾಟಿ, ಲಚ್ಯಾಣಕ್ಕಿಂತ ಮೊದಲು ರೈಲು ಭೀಮೆಯ ಸೇತುವೆ ಏರುತ್ತದೆ. ಆಮೇಲೆ ನಿಲ್ದಾಣದ ಹಲಗೆಗಳಲ್ಲಿ ಕನ್ನಡ ಬರುತ್ತದೆ. ದೊಡ್ಡವರಿಗೆ ಇದೇನೂ ಹೊಸದಲ್ಲ. ಆದರೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮೂರನೆಯ, ನಾಲ್ಕನೆಯ ಇಯತ್ತೆ ಓದುವ ಮಗುವನ್ನು ಗಮನಿಸಬೇಕು. ಅದು ಅಕ್ಷರ ಕಲಿತದ್ದು ಪುಸ್ತಕದಲ್ಲಿ, ಕರಿಹಲಗೆಯಲ್ಲಿ. ಶಾಲೆಯ ಗೇಟು ದಾಟಿದೊಡನೆ ಅಂಗಡಿಯ ಫಲಕ, ಬಸ್ಸಿನ ಹೆಸರು, ಔಷಧದ ಚೀಟಿ, ಚುನಾವಣೆಯ ಗೋಡೆಬರಹ ಯಾವುದರಲ್ಲಿಯೂ ಆ ಅಕ್ಷರ ಅದಕ್ಕೆ ಸಿಕ್ಕುವುದು ವಿರಳ. ಕನ್ನಡವೆಂದರೆ ಪರೀಕ್ಷೆಗೆ ಬರೆಯುವ ಲಿಪಿ ಎಂದು ಅದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಅಂಥ ಮಗು ವಿಜಯಪುರದ ನಿಲ್ದಾಣದಲ್ಲಿ ಇಳಿದು ಟಾಂಗಾದ ಮೇಲೋ ರಿಕ್ಷಾದ ಒಳಗೋ ಕುಳಿತಿತೆಂದರೆ, ಚಹದಂಗಡಿ, ಕ್ಷೌರದಂಗಡಿ, ಬಳೆಯಂಗಡಿ, ನಗರಪಾಲಿಕೆಯ ಸೂಚನೆ ಎಂದು ಒಂದನ್ನೂ ಬಿಡದೆ ಗಟ್ಟಿಯಾಗಿ ಓದತೊಡಗುತ್ತದೆ. ತಾಯಿತಂದೆಗಳು ಆ ಹೊತ್ತಿನಲ್ಲಿ ಸುಮ್ಮನಿರು ಎನ್ನದಿದ್ದರೆ ಸಾಕು. ಗೋವೆಯ ಕಡಲು ತೋರಿಸಿದರೂ ಈ ಓದು ಅದಕ್ಕೆ ದಕ್ಕುವುದಿಲ್ಲ.

ವಿಜಯಪುರದಲ್ಲಿ ಗೋಳಗುಮ್ಮಟಕ್ಕೆ ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆರೆದ ಮೊದಲ ಗಳಿಗೆಯಲ್ಲಿ ಹೋಗಬೇಕು. 1656ರಲ್ಲಿ ತೀರಿಕೊಂಡ ಮಹಮದ ಆದಿಲಶಾಹನ ಗೋರಿ ಅದು; ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು, ನಡುವೆ ಒಂದೂ ಕಂಬವಿಲ್ಲ. ಮೂಲೆಯ ಗೋಪುರದ ಇಕ್ಕಟ್ಟಿನ ಮೆಟ್ಟಿಲುಗಳನ್ನು ಹತ್ತಿ ಮೇಲಿನ ಸುತ್ತುಪಡಸಾಲೆಗೆ ಬಂದು, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಗುಮ್ಮಟದ ಒಳಮೈಯ ಬಾಗು ದನಿಯನ್ನು ಚದುರಗೊಡದೆ ಗೋಡೆಗುಂಟ ಸಾಗಿಸುತ್ತದೆ. ಆದರೆ ಇದು ಹತ್ತು ಜನ ಇರುವ ತನಕ ಮಾತ್ರ. ಹನ್ನೊಂದು ಗಂಟೆಯ ಹೊತ್ತಿಗೆ ಸಹಲಿಯ ಬಸ್ಸುಗಳು ಬಂದು, ನೂರು ಮಕ್ಕಳು ಒಟ್ಟಿಗೆ ಕೂಗಿದರೆಂದರೆ ಪಿಸುಮಾತಿನ ಗುಮ್ಮಟ ಗದ್ದಲದ ಸಂತೆಯಾಗುತ್ತದೆ. ಇಬ್ರಾಹೀಮ ರೋಜಾ ಸಂಜೆಗೆ ಚೆನ್ನ. ಅಕ್ಷರಗಳನ್ನೇ ಜಾಲಂದ್ರವಾಗಿ ಕೊರೆದ ಅದರ ಕಲ್ಲಿನ ಕಿಟಕಿಗಳನ್ನು ನೋಡುವಾಗ, ನಳದುರ್ಗದ ಪಾಣಿಮಹಲು ಕಟ್ಟಿಸಿದ ಕಾಲದ ಅರಸನೇ ಇಲ್ಲಿ ಮಲಗಿದ್ದಾನೆಂದು ಮಕ್ಕಳಿಗೆ ನೆನಪು ಮಾಡಬಹುದು.

ವಿಜಯಪುರದಿಂದ ಮುಂದೆ ಆಲಮಟ್ಟಿ ದಾಟಿದೊಡನೆ ರೈಲು ಕೃಷ್ಣೆಯ ಮೇಲಿರುತ್ತದೆ. ಮಳೆಗಾಲದ ಕೊನೆಗೆ ಜಲಾಶಯ ಅದರ ಪೂರ್ಣ ಮಟ್ಟವಾದ 519.60 ಮೀಟರಿಗೆ ನಿಂತಿರುವ ದಿನಗಳಲ್ಲಿ ಆ ದಡ ಎಲ್ಲಿ ಮುಗಿಯುತ್ತದೆಂದು ಕಿಟಕಿಯಿಂದ ಹೇಳಲಾಗದು. ಕೂಡಲಸಂಗಮಕ್ಕೆ ಹೋಗುವವರು ಈ ಭಾಗದಲ್ಲಿಯೇ ರಸ್ತೆ ಹಿಡಿಯುತ್ತಾರೆ. ಕೃಷ್ಣೆ ಮಲಪ್ರಭೆಗಳು ಸೇರುವಲ್ಲಿ ಬಸವಣ್ಣನವರ ಐಕ್ಯಮಂಟಪ ಸುತ್ತಲೂ ನೀರಿದ್ದು ನಡುವೆ ಬಾವಿಯ ತಳದಲ್ಲಿರುವಂತೆ ಉಳಿದಿದೆ. ನೀರು ತುಂಬಿದ ಈ ತಿಂಗಳುಗಳಲ್ಲಿಯೇ ಆ ಇಂಜಿನಿಯರಿಂಗಿನ ಸೊಗಸು ಕಣ್ಣಿಗೆ ತಟ್ಟುತ್ತದೆ. ಊರಿನ ಹೆಸರನ್ನು ಕೇಳಿದ ಮಗು, ನಮ್ಮ ಕೂಡಲವೂ ಇದೂ ಒಂದೇ ಹೆಸರೇ ಎಂದು ಕೇಳಿದರೆ ಹೌದೆನ್ನಬೇಕು.

ಬಾದಾಮಿ ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರು. ಕೆಂಪು ಮರಳುಗಲ್ಲಿನ ಎರಡು ಗುಡ್ಡಗಳು, ನಡುವೆ ಅಗಸ್ತ್ಯತೀರ್ಥ. ಬೇಸಗೆಯಲ್ಲಿ ನೀರು ತಗ್ಗಿ ದಂಡೆ ಬಿರಿದ ಆ ಕೆರೆ ದೀಪಾವಳಿಯ ಹೊತ್ತಿಗೆ ಭೂತನಾಥ ಗುಡಿಯ ಕಟ್ಟೆಯನ್ನು ಮುಟ್ಟುತ್ತಿರುತ್ತದೆ. ಗುಡಿ, ಗುಡ್ಡ ಎರಡೂ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆಗಳು. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಯಾವ ಕೈಗೆ ಯಾವ ಕೈ ಜೋಡಿಸಿದರೆ ಎಷ್ಟು ಭಂಗಿಗಳಾಗುತ್ತವೆಂದು ಮಕ್ಕಳು ತಾವೇ ಲೆಕ್ಕ ಹಾಕುತ್ತಾರೆ. ಕೊನೆಯದು ಜೈನರದು. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮೂರನೆಯದರಲ್ಲಿ. ಚಾಲುಕ್ಯ ಮಂಗಳೇಶ ಅದನ್ನು ಮಾಡಿಸಿದ್ದು ಶಕವರ್ಷ 500ರಲ್ಲಿ, ಎಂದರೆ ಕ್ರಿಸ್ತಶಕ 578ರಲ್ಲಿ. ಸಂಸ್ಕೃತದ ಶಾಸನದ ಜೊತೆಗೆ ಮಂಗಳೇಶನ ಕನ್ನಡ ಶಾಸನವೂ ಅಲ್ಲಿದೆ. ಅರಸನ ಆಜ್ಞೆ ಜನರಿಗೆ ತಿಳಿಯಬೇಕಾದಾಗ ಕನ್ನಡ ಬೇಕಾಯಿತೆಂಬುದು ಅದರಿಂದ ತಿಳಿಯುತ್ತದೆ. ಕೆರೆಯ ಇನ್ನೊಂದು ಬದಿಗೆ, ತಟ್ಟುಕೋಟಿಯ ಹನುಮಪ್ಪನ ಗುಡಿಯ ಹತ್ತಿರ, ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಏಳನೆಯ ಶತಮಾನದ ಕೊನೆಯದೋ ಎಂಟನೆಯದರ ಮೊದಲಿನದೋ ಆದ ಈ ಕಲ್ಲಿನಲ್ಲಿ ಕನ್ನಡದ ತ್ರಿಪದಿ ಮೊದಲು ಕಾಣಿಸುತ್ತದೆ. ಬೀಸುವ ಕಲ್ಲಿನ ಮುಂದೆ ಅಜ್ಜಿ ಹಾಡುತ್ತಿದ್ದ ಮೂರು ಸಾಲಿನ ಹಾಡಿಗೆ ಇಷ್ಟು ವಯಸ್ಸಾಗಿದೆ. ಅತ್ತ ಹೋಗುವವರು ಕಡಿಮೆ. ದಾರಿ ಕೇಳಿಕೊಂಡೇ ಹೋಗಬೇಕು. ಇಲ್ಲಿಯ ಮಂಗಗಳು ಕೈಯಲ್ಲಿ ಚೀಲ ಕಂಡರೆ ಬಿಡವು, ಫರಾಳದ ಡಬ್ಬಿಯನ್ನು ಕೋಣೆಯಲ್ಲಿಯೇ ಬಿಟ್ಟು ಹೋಗುವುದು ಜಾಣತನ.

ಊಟದ ವಿಷಯ ಹೇಳುವುದಾದರೆ ಬನಶಂಕರಿ. ಬಾದಾಮಿಯಿಂದ ಕೂಗಳತೆಯಲ್ಲಿರುವ ಆ ಗುಡಿಯ ಹೊಂಡದ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು ತಂದು ಕುಳಿತಲ್ಲಿಗೇ ಬಡಿಸುತ್ತಾರೆ. ಅವರ ಮಾತಿಗೂ ದಕ್ಷಿಣ ಸೊಲ್ಲಾಪುರದ ಮಾತಿಗೂ ಧಾಟಿಯಲ್ಲಿ ಅಂಥ ದೂರವಿಲ್ಲ. ಎಲ್ಲಿಂದ ಬಂದಿರಿ ಎಂಬ ಪ್ರಶ್ನೆಗೆ ಸೊಲ್ಲಾಪುರವೆಂದಾಗ, ಅಲ್ಲಿಯೂ ಕನ್ನಡ ಸಾಲಿ ಅದಾವೇನು ಎಂದು ಅಚ್ಚರಿಪಡುವವರು ಇಂದಿಗೂ ಸಿಗುತ್ತಾರೆ. ಸಿದ್ಧರಾಮನ ಊರಿನಿಂದ ಬಂದ ಮಗುವಿಗೆ ಈ ಪ್ರಶ್ನೆ ತುಸು ನೋಯಿಸೀತು. ನೊಂದರೂ ಅಡ್ಡಿಯಿಲ್ಲ, ಉತ್ತರ ಕೊಡಲು ಅದಕ್ಕೇ ಬಿಡಬೇಕು.

ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರು, ಮುಂದೆ ಐಹೊಳೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಎಳೆಯರಿಗೆ ದಿನಕ್ಕೆ ಇಪ್ಪತ್ತು ಗುಡಿ ತೋರಿಸಿದರೆ ಒಂದೂ ನೆನಪುಳಿಯುವುದಿಲ್ಲವಾದ್ದರಿಂದ, ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯೊಂದನ್ನು ಚೆನ್ನಾಗಿ ತೋರಿಸಿದರೂ ಸಾಕು. ಐಹೊಳೆಯಲ್ಲಿ ಮಾತ್ರ ಮೇಗುಟಿಯ ಗುಡ್ಡ ಹತ್ತಬೇಕು. 634ರ ರವಿಕೀರ್ತಿಯ ಶಾಸನ ಅಲ್ಲಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಕೇಶಿ ತೊಂಬತ್ತೊಂಬತ್ತು ಸಾವಿರ ಹಳ್ಳಿಗಳ ಮೂರು ಮಹಾರಾಷ್ಟ್ರಕಗಳಿಗೆ ಒಡೆಯನಾದನೆಂಬ ಮಾತು ಅದರಲ್ಲಿ ಬರುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಓದುವ ಮಕ್ಕಳು ಈ ಕಲ್ಲಿನ ಮುಂದೆ ಪರಕೀಯರಲ್ಲ. ಇತಿಹಾಸದ ಪುಸ್ತಕದಲ್ಲಿ ಅವರು ಶಿವಾಜಿ ಮಹಾರಾಜರ ರಾಯಗಡ, ಪ್ರತಾಪಗಡಗಳನ್ನು ಓದಿರುತ್ತಾರೆ, ಶಾಲೆಯ ಸಹಲಿಯಲ್ಲಿ ಕೆಲವರು ಕಂಡೂ ಇರುತ್ತಾರೆ. ಅದು ಇರಲಿ, ಅದು ಅವರದೇ. ಶಾಲೆಯ ಸಹಲಿ ಕರೆದೊಯ್ಯದ ಈ ಊರುಗಳನ್ನು ತೋರಿಸುವ ಕೆಲಸ ಮನೆಯವರ ಪಾಲಿಗೆ ಉಳಿಯುತ್ತದೆ.

ಖರ್ಚಿನ ಮಾತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶದ ಟಿಕೆಟು ಇಲ್ಲ. ಶಾಲೆಯ ಗುರುತಿನ ಚೀಟಿ ಜೊತೆಗಿದ್ದರೆ ವಾದ ತಪ್ಪುತ್ತದೆ. ಬಸ್ಸಿನಲ್ಲಿ ಹೋಗುವ ತಾಯಂದಿರು ಒಂದು ಸಂಗತಿ ತಿಳಿದಿರಬೇಕು. ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಮಹಿಳೆಯರಿಗಿರುವ ಅರ್ಧ ಟಿಕೆಟಿನ ಸವಲತ್ತು ರಾಜ್ಯದ ಗಡಿಯ ತನಕ ಮಾತ್ರ, ಟಾಕಳಿಯ ಸೇತುವೆ ದಾಟಿದರೆ ಪೂರ್ಣ ದರ. ಆಚೆ ಕರ್ನಾಟಕದ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆಯಾದರೂ ಅದು ಆ ರಾಜ್ಯದ ನಿವಾಸಿಗಳಿಗೆ. ಸೊಲ್ಲಾಪುರದ ವಿಳಾಸವಿರುವ ಆಧಾರ್ ಕಾರ್ಡು ತೋರಿಸಿದ ಕನ್ನಡತಿಗೆ ಕಂಡಕ್ಟರು ಟಿಕೆಟು ಹರಿದೇ ಕೊಡುತ್ತಾನೆ; ಅವನದು ತಪ್ಪಲ್ಲ, ಆ ಹಣವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರೆ ಮನಸ್ಸು ಕಹಿಯಾಗದು. ನವೆಂಬರ್ 1ರ ಸುತ್ತಮುತ್ತ ಹೊರಡುವವರು ಗಡಿಯ ಬಸ್ಸುಗಳ ಸುದ್ದಿ ಕೇಳಿಕೊಂಡು ಹೊರಡಬೇಕು. ಎರಡು ಕಡೆಯ ಗದ್ದಲದ ದಿನ ಮೊದಲು ನಿಲ್ಲುವುದು ಬಸ್ಸು. ರೈಲು ಸಾಮಾನ್ಯವಾಗಿ ಓಡುತ್ತದೆ. ರೈಲಿನ ಟಿಕೆಟನ್ನು ದಸರೆಗೆ ಮೊದಲೇ ತೆಗೆಸಿಡುವುದು ಕ್ಷೇಮ, ಏಕೆಂದರೆ ಹಬ್ಬಕ್ಕೆ ಊರಿಗೆ ಬರುವವರ ನೂಕು ಬಲಿಪಾಡ್ಯದ ಮರುದಿನದಿಂದ ತಿರುಗುಮುಖವಾಗುತ್ತದೆ. ಲಕ್ಷ್ಮೀಪೂಜೆ, ಪಾಡ್ಯ ಮನೆಯಲ್ಲಿ ಮುಗಿಸಿ, ಅಕ್ಕನ ಬಿದಿಗೆಯ ಆರತಿ ತೀರಿಸಿ, ಅದರ ಮಾರನೆಯ ದಿನ ಹೊರಟರೆ ಜಾಗವೂ ಸಿಗುತ್ತದೆ, ಬಾದಾಮಿಯಲ್ಲಿ ಕೋಣೆಯೂ ಸಿಗುತ್ತದೆ. ಆ ಹೊತ್ತಿಗೆ ಕರ್ನಾಟಕದ ಶಾಲೆಗಳು ತೆರೆದಿರುತ್ತವೆ. ತವರಿನ ಕಟ್ಟೆಯ ಮೇಲೆ ಮಗುವನ್ನು ಒಂಟಿಯಾಗಿಸಿದ ಆ ಸೂಟಿಯ ವ್ಯತ್ಯಾಸವೇ ಇಲ್ಲಿ ಗುಹೆಗಳ ಮುಂದಿನ ಸಾಲನ್ನು ಗಿಡ್ಡ ಮಾಡುತ್ತದೆ.

ದೂರ ಹೋಗಲಾಗದ ಜತ್ತದ ಮನೆಗಳಿಗೆ ಗುಡ್ಡಾಪುರವಿದೆ. ದಾನಮ್ಮನ ಜಾತ್ರೆ ಕಾರ್ತಿಕದ ಕೊನೆಯ ಅಮಾವಾಸ್ಯೆಗೆ. ವಿಜಯಪುರ, ಬಾಗಲಕೋಟೆಯ ಕಡೆಯಿಂದ ಜನ ನಡೆದೇ ಬರುತ್ತಾರೆ. ಅಷ್ಟರಲ್ಲಿ ಮಕ್ಕಳ ಸೂಟಿ ಮುಗಿದಿರುತ್ತದೆ. ಆದರೂ ಸೂಟಿಯಲ್ಲಿಯೇ ಒಂದು ಬೆಳಿಗ್ಗೆ, ಗದ್ದಲವಿಲ್ಲದಾಗ, ಗುಡಿಗೆ ಹೋಗಿ ಬರಬಹುದು. ದಾರಿಯ ಎರಡೂ ಬದಿಯ ಹೊಲಗಳಲ್ಲಿ ಹಿಂಗಾರಿ ಜೋಳ ಆಗ ಮಕ್ಕಳ ಮೊಣಕಾಲೆತ್ತರ ಬಂದಿರುತ್ತದೆ. ಎಳ್ಳ ಅಮಾವಾಸ್ಯೆಗೆ ಅದೇ ಹೊಲಕ್ಕೆ ಚರಗಕ್ಕೆ ಬಂದಾಗ ಅವರ ತಲೆಯನ್ನು ದಾಟಿರುತ್ತದೆ.